ಅಜ್ಜ ತಿಂದ ತುಪ್ಪ, ಅಳಿಯನ ಕೈವಾಸನೆ

ಸಂಕ್ರಾಂತಿಯ ದಿನ ಎಳ್ಳುಬೆಲ್ಲ ತಿಂದು ಒಳ್ಳೆಯ ಮಾತಾಡಬೇಕು. 2025ರ ಜನವರಿ 14ರ ಸಂಜೆ, ಇಂಡಿಯಾನಾಪೊಲಿಸ್‌ನ ಮಗಳ ಮನೆಯಲ್ಲಿ, ಊರಿಂದ ಸೂಟ್‌ಕೇಸಿನೊಳಗೆ ಹೊತ್ತು ತಂದಿದ್ದ ಎಳ್ಳುಬೆಲ್ಲದ ಡಬ್ಬಿಯನ್ನು ಅಳಿಯಂದಿರ ಮುಂದೆ ಹಿಡಿದೆ. ಅವರು ಟಿ.ವಿ.ಯಿಂದ ಕಣ್ಣು ಕೀಳದೆ ಒಂದು ಹಿಡಿ ಬಾಯಿಗೆ ಹಾಕಿಕೊಂಡರು. ಅಗಿದರು. ಕೊಬ್ಬರಿ ಚೂರೊಂದು ಹಲ್ಲಿಗೆ ಸಿಕ್ಕಿಕೊಂಡಿತೇನೋ, ನಾಲಿಗೆಯಲ್ಲಿ ಬಿಡಿಸಿಕೊಂಡರು. ಆಮೇಲೆ ಆಡಿದ ಮೊದಲ ಒಳ್ಳೆಯ ಮಾತು ಇದು: “ಮೊದ್ಲು ಈ ಮನುಷ್ಯನ್ನ ಮನೆಗೆ ಕಳಿಸ್ಬೇಕು ಮಾವ.”

ನನ್ನ ಎದೆ ಧಸಕ್ಕೆಂದಿತು. ಬಾಣಂತನಕ್ಕೆಂದು ನಾವು ಗಂಡ–ಹೆಂಡತಿ ಬಂದು ಎರಡು ತಿಂಗಳಾಗಿತ್ತು. ನನ್ನನ್ನೇ ಅಂದರೇನೋ ಎಂದುಕೊಂಡೆ.

ಅಂದದ್ದು ಟಿ.ವಿ.ಯೊಳಗಿನ ಕೋಚ್ ಮೈಕ್ ವುಡ್ಸನ್ ಅವರನ್ನು. ಇಂಡಿಯಾನಾ ವಿಶ್ವವಿದ್ಯಾಲಯದ ಬಾಸ್ಕೆಟ್‌ಬಾಲ್ ತಂಡ ತನ್ನ ಮನೆಯಂಗಳದಲ್ಲೇ ಇಲಿನಾಯ್ ಕೈಯಲ್ಲಿ 94–69ರ ಏಟು ತಿಂದ ಸಂಜೆ ಅದು. ಮೂರು ದಿನ ಮೊದಲು, ಮೊಮ್ಮಗನ ನಾಮಕರಣದ ರಾತ್ರಿ, ಅಯೋವಾದಲ್ಲಿ 85–60. ಎರಡೂ ಸಲ ಲೆಕ್ಕ ಹಾಕಿದಂತೆ 25 ಪಾಯಿಂಟ್. “ಸೋಲಿನಲ್ಲಾದರೂ ಒಂದು ಶಿಸ್ತು ಬಂದಿದೆಯಲ್ಲ ಅಳಿಯಂದ್ರೇ” ಎಂದು ಸಮಾಧಾನ ಹೇಳಿದೆ. ಅವರು ಎಳ್ಳುಬೆಲ್ಲದ ಡಬ್ಬಿಯನ್ನು ಮೆಲ್ಲಗೆ ನನ್ನ ಕಡೆಗೇ ತಳ್ಳಿದರು. ಟಿ.ವಿ.ಯೊಳಗೆ ಜನ ಒಂದೇ ಉಸಿರಿಗೆ “ಫೈರ್ ವುಡ್ಸನ್” ಎಂದು ಕೂಗುತ್ತಿದ್ದರು. ಆ ಕೂಗಿಗೆ ತೊಟ್ಟಿಲಲ್ಲಿದ್ದ ಕೂಸು ಬೆಚ್ಚಿ ಎದ್ದು ತಾನೂ ಕೂಗಿತು. “ನೋಡಿ ಮಾವ, ಇವನಿಗೂ ಗೊತ್ತಾಗಿದೆ” ಅಂದರು ಅಳಿಯಂದಿರು. ಅವತ್ತಿಡೀ ಅವರ ಮುಖದಲ್ಲಿ ಹೆಮ್ಮೆ ಕಂಡದ್ದು ಆಗ ಒಂದೇ ಸಲ.

ನಮ್ಮಲ್ಲಿ ಕಾಲೇಜು ಬಾಸ್ಕೆಟ್‌ಬಾಲ್ ಅಂದರೆ ಬಲೆಯಿಲ್ಲದ ಎರಡು ಕಬ್ಬಿಣದ ಬಳೆ, ಕಂಬಕ್ಕೆ ಒರಗಿಸಿದ ಸೈಕಲ್ಲು, ಪಿ.ಟಿ. ಮೇಷ್ಟ್ರ ಕೊರಳಲ್ಲಿ ಒಂದು ಸೀಟಿ. ಅಂತರಕಾಲೇಜು ಪಂದ್ಯಕ್ಕೆ ಪ್ರೇಕ್ಷಕರು ಯಾರೆಂದರೆ ಮುಂದಿನ ಪಂದ್ಯ ಆಡಬೇಕಾದವರು. ಅಮೆರಿಕದ ಕಥೆಯೇ ಬೇರೆ. ಇಂಡಿಯಾನಾಪೊಲಿಸ್‌ನಿಂದ ಕಾರಿನಲ್ಲಿ ದಕ್ಷಿಣಕ್ಕೆ ಒಂದು ಗಂಟೆ ಹೋದರೆ ಬ್ಲೂಮಿಂಗ್ಟನ್. ಅಲ್ಲಿ 1971ರಲ್ಲಿ ತೆರೆದ ಅಸೆಂಬ್ಲಿ ಹಾಲ್ ಎಂಬ ಒಳಾಂಗಣ ಕ್ರೀಡಾಂಗಣವಿದೆ. 17,222 ಆಸನ. ಒಂದು ಕಾಲೇಜಿನ ಹುಡುಗರು ಚೆಂಡು ಪುಟಿಸುವುದನ್ನು ನೋಡಲು ನಮ್ಮದೊಂದು ಹೋಬಳಿ ಕೇಂದ್ರದ ಜನರೆಲ್ಲ ಬಂದು ಕೂತಷ್ಟು. ಹೆಸರು ಅಸೆಂಬ್ಲಿ, ಗದ್ದಲವೂ ನಮ್ಮ ವಿಧಾನಸಭೆಯದ್ದೇ. ಇಲ್ಲಿ ಯಾರು ಎಷ್ಟು ಕೆಲಸ ಮಾಡಿದರು ಎಂಬ ಅಂಕಪಟ್ಟಿ ಎಲ್ಲರಿಗೂ ಕಾಣುವಂತೆ ನೆತ್ತಿಯ ಮೇಲೆ ತೂಗುತ್ತದೆ, ಅಷ್ಟೇ ವ್ಯತ್ಯಾಸ.

ತಂಡದ ಹೆಸರು ಹೇಳಲು ನಮ್ಮ ಮನೆಯವಳು ಕೊನೆಗೂ ಒಪ್ಪಲಿಲ್ಲ. ಇಂಗ್ಲಿಷಿನಲ್ಲಿ ಬರೆದದ್ದನ್ನು ಕನ್ನಡದವರು ಅಕ್ಷರ ಅಕ್ಷರ ಕೂಡಿಸಿ ಓದಿದರೆ ‘ಹೂಸಿಯರ್ಸ್’ ಆಗುತ್ತದೆ. ಉಚ್ಚಾರ ‘ಹೂಜರ್ಸ್’ ಎಂದು ಅಳಿಯಂದಿರು ಎಷ್ಟು ತಿದ್ದಿದರೂ ಅವಳು ಸೆರಗು ಬಾಯಿಗೆ ಅಡ್ಡ ಹಿಡಿಯುವುದನ್ನು ಬಿಡಲಿಲ್ಲ. ಆ ಪದ ಎಲ್ಲಿಂದ ಬಂತು ಎಂಬ ಬಗ್ಗೆ ಆ ರಾಜ್ಯದವರಲ್ಲೇ ಇವತ್ತಿಗೂ ಒಮ್ಮತವಿಲ್ಲ. ನಾನಂತೂ ನನ್ನ ಊಹೆಯನ್ನು ಹೇಳಲು ಹೋಗಲಿಲ್ಲ.

ಈಗ ರೋಗದ ಮೂಲಕ್ಕೆ ಬರೋಣ. ಆ ಅಸೆಂಬ್ಲಿ ಹಾಲಿನ ಒಂದು ತುದಿಯಲ್ಲಿ ಐದು ಬಾವುಟ ತೂಗುತ್ತವೆ. 1940, 1953, 1976, 1981, 1987. ಐದು ಸಲ ಇಡೀ ದೇಶದ ಕಾಲೇಜುಗಳನ್ನೆಲ್ಲ ಸೋಲಿಸಿ ಗೆದ್ದ ವರ್ಷಗಳು. ಕೊನೆಯದ್ದರ ಮೇಲಿನ ಇಸವಿಯನ್ನು ಇನ್ನೊಮ್ಮೆ ಓದಿಕೊಳ್ಳಿ. ನಮ್ಮ ಅಳಿಯಂದಿರು ಹುಟ್ಟಿದ್ದು 1989ರಲ್ಲಿ, ತಿಪಟೂರಿನಲ್ಲಿ. “ನಮ್ಮಜ್ಜ ತುಪ್ಪ ತಿಂದಿದ್ದ, ನನ್ನ ಕೈ ಮೂಸಿ ನೋಡು” ಎಂಬ ಗಾದೆಯಲ್ಲಿ ಅಜ್ಜನಾದರೂ ಸ್ವಂತದವನು. ಇಲ್ಲಿ ತುಪ್ಪ ತಿಂದದ್ದು ಯಾರದೋ ಅಜ್ಜ, ತಿಂದು ಎರಡು ವರ್ಷವಾದ ಮೇಲೆ ಹುಟ್ಟಿದವರು ಇವರು, ಅದೂ ಏಳು ಸಮುದ್ರದಾಚೆ. ಆದರೂ ಕೈ ಮೂಸಿ ಎನ್ನುತ್ತಾರೆ. ಮೂಸಿದರೆ ವಾಸನೆ ಬರುವುದೂ ನಿಜ.

ಈ ರೋಗ ಅವರಿಗೆ ಹಿಡಿದದ್ದು ಹೇಗೆಂದರೆ, ಎಂ.ಎಸ್. ಮಾಡಲು ಬ್ಲೂಮಿಂಗ್ಟನ್‌ಗೆ ಹೋದದ್ದು 2011ರ ಆಗಸ್ಟ್‌ನಲ್ಲಿ. ಡಿಸೆಂಬರ್ 10ರಂದು, ದೇಶದ ಮೊದಲ ಸ್ಥಾನದಲ್ಲಿದ್ದ ಕೆಂಟಕಿ ತಂಡವನ್ನು ಇಂಡಿಯಾನಾ 73–72ರಿಂದ ಸೋಲಿಸಿತು. ಕ್ರಿಶ್ಚಿಯನ್ ವಾಟ್‌ಫರ್ಡ್ ಎಸೆದ ಚೆಂಡು ಗಡಿಯಾರ ಸೊನ್ನೆಗೆ ಬರುವ ಹೊತ್ತಿಗೆ ಬಳೆಯೊಳಗೆ ಬಿತ್ತು, ಜನ ಕಟ್ಟೆಯೊಡೆದ ಕೆರೆಯ ಹಾಗೆ ಅಂಗಳಕ್ಕೆ ನುಗ್ಗಿದರು. ನುಗ್ಗಿದವರಲ್ಲಿ ಬಾಸ್ಕೆಟ್‌ಬಾಲ್ ಅಂದರೆ ಎಷ್ಟು ಜನ ಆಡುತ್ತಾರೆಂದೂ ಗೊತ್ತಿಲ್ಲದ ಒಬ್ಬ ತಿಪಟೂರಿನವನೂ ಇದ್ದ. ಸಾರಾಯಿ ಅಂಗಡಿಯವರೂ ಹೀಗೇ, ಮೊದಲ ಗುಟುಕಿಗೆ ಕಾಸು ಕೇಳುವುದಿಲ್ಲ. ಆಮೇಲಿನ ಹದಿಮೂರು ವರ್ಷ ಅವರು ಕಾಸು ಕಟ್ಟುತ್ತಿದ್ದರು.

ಹಾಗಂತ ಈ ಅಭಿಮಾನಿಗಳು ಬರೀ ಸೋಲುತ್ತಾರೆ ಎಂದುಕೊಳ್ಳಬೇಡಿ. ಬೇರೆಯವರ ಸೋಲಿನಲ್ಲಿ ಅವರು ಗೆಲ್ಲುತ್ತಾರೆ. ಇದನ್ನು ನನಗೆ ಕಲಿಸಿದ್ದು ಪಕ್ಕದ ಮನೆಯ ತಾತ. ಎಂಬತ್ತರ ಹತ್ತಿರದ ಮನುಷ್ಯ. ಹಿಮ ಬಿದ್ದ ಬೆಳಿಗ್ಗೆ ಸಲಿಕೆ ಹಿಡಿದು ದಾರಿ ಬಿಡಿಸುವಾಗಲೂ ಕೆಂಪು–ಬಿಳಿ ಪಟ್ಟೆಯ ಪೈಜಾಮ ತೊಟ್ಟಿರುತ್ತಿದ್ದರು. ಆಟಗಾರರು ಪಂದ್ಯಕ್ಕೆ ಮೊದಲು ಮೈ ಬಿಸಿ ಮಾಡಿಕೊಳ್ಳುವಾಗ ತೊಡುವುದು ಅಂಥದ್ದನ್ನೇ. ನಮ್ಮೂರಿನ ಬ್ಯಾಂಡ್‌ಸೆಟ್ಟಿನವರು ನೋಡಿದರೆ ಅಳತೆ ಕೊಟ್ಟು ಹೊಲಿಸಿಕೊಂಡಾರು. 1976ರ ತಂಡ 32 ಪಂದ್ಯ ಆಡಿ 32ನ್ನೂ ಗೆದ್ದಿತು, ಆಮೇಲೆ ಇವತ್ತಿನವರೆಗೆ ಪುರುಷರ ಮೇಲ್ದರ್ಜೆಯಲ್ಲಿ ಒಂದೂ ಸೋಲಿಲ್ಲದೆ ಕಪ್ ಎತ್ತಿದ ತಂಡ ಇನ್ನೊಂದಿಲ್ಲ. ಇದನ್ನು ತಾತ ನನಗೆ ಆ ಚಳಿಗಾಲದಲ್ಲಿ ಎಷ್ಟು ಸಲ ಹೇಳಿದರೋ ಲೆಕ್ಕವಿಟ್ಟಿಲ್ಲ. 32ಕ್ಕಂತೂ ಮಿಕ್ಕಿರಬೇಕು.

ಆ ದಾಖಲೆಯ ಹತ್ತಿರ ಬಂದವರು ಉಂಟು. 1991ರಲ್ಲಿ ನೆವಾಡಾ–ಲಾಸ್ ವೇಗಸ್ ಸೋಲಿಲ್ಲದೆ ಸೆಮಿಫೈನಲ್‌ಗೆ ಬಂದು ಡ್ಯೂಕ್‌ಗೆ ಸೋತಿತು. 2015ರಲ್ಲಿ ಕೆಂಟಕಿ 38 ಗೆದ್ದು ಸೆಮಿಫೈನಲ್‌ನಲ್ಲಿ ವಿಸ್ಕಾನ್ಸಿನ್‌ಗೆ ಬಲಿಯಾಯಿತು. 2021ರಲ್ಲಿ ಗೊನ್ಜಾಗ ಫೈನಲ್‌ವರೆಗೂ ಬಂದು ಬೇಲರ್ ಎದುರು ಮಗುಚಿತು. ಮೂರೂ ನಡೆದದ್ದು ಇಂಡಿಯಾನಾಪೊಲಿಸ್‌ನಲ್ಲೇ. ಆ ಮೂರರಲ್ಲೂ ಇಂಡಿಯಾನಾ ತಂಡ ಅಂಗಳದಲ್ಲಿ ಇರಲಿಲ್ಲ ಎಂಬುದು ತಾತನಿಗೆ ಮುಖ್ಯವಲ್ಲ. “ನಮ್ಮ ಮಣ್ಣು ಬಿಟ್ಟುಕೊಡಲ್ಲ” ಅಂದರು, ಸಲಿಕೆಯಿಂದ ಆ ಮಣ್ಣಿನ ಮೇಲಿನ ಮಂಜುಗಡ್ಡೆಯನ್ನು ಕುಟ್ಟುತ್ತ. 1987ರ ನಂತರ ಅವರ ಖಾತೆಗೆ ಜಮೆಯಾದ ಗೆಲುವುಗಳೆಂದರೆ ಈ ಮೂರು.

ತಾತನ ದೇವರ ಕೋಣೆಯಲ್ಲಿ ಒಬ್ಬರೇ ದೇವರು. ಬಾಬ್ ನೈಟ್. 1971ರಿಂದ 2000ದವರೆಗೆ ಕೋಚ್, ಕೊನೆಯ ಮೂರು ಬಾವುಟ ಅವರವು. 1985ರ ಫೆಬ್ರವರಿ 23ರಂದು ಅದೇ ರಾಜ್ಯದ ಹಳೇ ವೈರಿ ಪರ್ಡ್ಯೂ ವಿರುದ್ಧದ ಪಂದ್ಯದಲ್ಲಿ ರೆಫರಿಯ ಮೇಲೆ ಸಿಟ್ಟಾಗಿ ಪ್ಲಾಸ್ಟಿಕ್ ಕುರ್ಚಿಯೊಂದನ್ನು ಅಂಗಳದ ಅಡ್ಡಕ್ಕೆ ಎಸೆದರು. ನಮ್ಮಲ್ಲಿ ಕುರ್ಚಿ ಸಿಕ್ಕವರು ಅದಕ್ಕೆ ಅಂಟಿಕೊಂಡು ಕೂರುವುದನ್ನು ನೋಡಿದ್ದೇವೆ. ಕುರ್ಚಿಯನ್ನು ಎಸೆದೂ ಇನ್ನು ಹದಿನೈದು ವರ್ಷ ಅದೇ ಕುರ್ಚಿಯಲ್ಲಿ ಕೂತವರನ್ನು ನಾನು ಕೇಳಿದ್ದು ಇದೇ ಮೊದಲು. ಅಭ್ಯಾಸದ ವೇಳೆ ಆಟಗಾರನೊಬ್ಬನ ಕುತ್ತಿಗೆಗೆ ಕೈ ಹಾಕಿದ ವಿಡಿಯೊ 2000ದಲ್ಲಿ ಬಯಲಾಯಿತು. ಇನ್ನೊಂದು ತಪ್ಪು ಮಾಡಿದರೆ ಮನೆಗೆ ಎಂದು ವಿಶ್ವವಿದ್ಯಾಲಯದ ಅಧ್ಯಕ್ಷರು ಎಚ್ಚರಿಸಿದರು. ಅದೇ ಸೆಪ್ಟೆಂಬರ್‌ನಲ್ಲಿ ಮನೆಗೇ ಕಳಿಸಿದರು. ಅಭಿಮಾನಿಗಳು ಅಧ್ಯಕ್ಷರ ಮನೆ ಮುಂದೆ ಹೋಗಿ ಗಲಾಟೆ ಮಾಡಿದರು. ಗೆದ್ದವನ ಕೋಪಕ್ಕೆ ಶಿಸ್ತು ಎನ್ನುವುದು, ಸೋತವನ ತಾಳ್ಮೆಗೆ ಅಸಡ್ಡೆ ಎನ್ನುವುದು ಗ್ಯಾಲರಿಯ ವ್ಯಾಕರಣ. ತಾತನಿಗೆ ಆ ಕುತ್ತಿಗೆಯ ವಿಷಯ ಕೇಳಿದೆ. ಅವರು ಹಿಮ ಜೋರಾಗುತ್ತಿದೆ ಎಂದು ಒಳಗೆ ಹೋದರು.

ಇದೇ ದೇವರ ಕಾಲದಲ್ಲಿ, 1974ರಲ್ಲಿ, ಫ್ರೆಂಚ್ ಲಿಕ್ ಎಂಬ ಸಣ್ಣ ಊರಿಂದ ಲ್ಯಾರಿ ಬರ್ಡ್ ಎಂಬ ಉದ್ದನೆಯ ಹುಡುಗ ಬ್ಲೂಮಿಂಗ್ಟನ್‌ಗೆ ಬಂದು ಒಂದು ತಿಂಗಳು ತುಂಬುವ ಮೊದಲೇ ಗಂಟು ಕಟ್ಟಿಕೊಂಡು ಊರಿಗೆ ವಾಪಸಾದ. ಆಮೇಲೆ ಅದೇ ರಾಜ್ಯದ ಇನ್ನೊಂದು ಬಡ ವಿಶ್ವವಿದ್ಯಾಲಯ ಇಂಡಿಯಾನಾ ಸ್ಟೇಟ್ ಸೇರಿ 1979ರಲ್ಲಿ ಅದನ್ನು ಸೋಲಿಲ್ಲದೆ ಫೈನಲ್‌ವರೆಗೂ ಎಳೆದೊಯ್ದ. ಬಾಗಿಲಿಗೆ ಬಂದ ಲಕ್ಷ್ಮಿಗೆ ಹಾಸ್ಟೆಲ್ ಹಿಡಿಸಲಿಲ್ಲ. ಈ ಪ್ರಸಂಗವನ್ನು ತಾತನೂ ಹೇಳಲಿಲ್ಲ, ಅಳಿಯಂದಿರೂ ಹೇಳಲಿಲ್ಲ. ನಾನೇ ಪಬ್ಲಿಕ್ ಲೈಬ್ರರಿಯಲ್ಲಿ ಓದಿಕೊಂಡೆ.

ನೈಟ್ ಹೋದ ಮೇಲೆ ಶುರುವಾದದ್ದು ಕೋಚುಗಳ ಮೆರವಣಿಗೆ. ಮೈಕ್ ಡೇವಿಸ್ 2002ರಲ್ಲಿ ತಂಡವನ್ನು ಫೈನಲ್‌ಗೆ ಕರೆದೊಯ್ದು ಮೇರಿಲ್ಯಾಂಡ್‌ಗೆ ಸೋತರು. ಫೈನಲ್‌ಗೆ ಹೋದದ್ದು ಮರೆತುಹೋಗಿ ನೈಟ್ ಅಲ್ಲದಿರುವುದೇ ಅವರ ಅಪರಾಧವಾಯಿತು. 2006ರಲ್ಲಿ ಹೋದರು. ಆಮೇಲೆ ಕೆಲ್ವಿನ್ ಸ್ಯಾಂಪ್ಸನ್. ಇವರ ಅಪರಾಧ ಫೋನು. ಶಾಲಾ ಹುಡುಗರನ್ನು ತಂಡಕ್ಕೆ ಸೆಳೆಯಲು ನಿಯಮ ಮೀರಿ ಫೋನ್ ಮಾಡಿದರು ಎಂದು 2008ರಲ್ಲಿ 7.5 ಲಕ್ಷ ಡಾಲರ್ ಕೈಗಿಟ್ಟು ಕಳಿಸಿದರು. ಫೋನಿನ ಮೇಲಿನ ಆ ನಿರ್ಬಂಧಗಳನ್ನು ಮುಂದೆ ಸಡಿಲಿಸಲಾಯಿತು. ಸ್ಯಾಂಪ್ಸನ್ ಹ್ಯೂಸ್ಟನ್‌ಗೆ ಹೋಗಿ ಆ ತಂಡವನ್ನು 2025ರ ಫೈನಲ್‌ವರೆಗೂ ಮುಟ್ಟಿಸಿದರು. ಅಂದರೆ ಅಪರಾಧವೂ ಹೋಯಿತು, ಅಪರಾಧಿಯೂ ಉದ್ಧಾರವಾದ, ಶಿಕ್ಷೆ ಮಾತ್ರ ಬ್ಲೂಮಿಂಗ್ಟನ್‌ನಲ್ಲೇ ಉಳಿಯಿತು.

ಟಾಮ್ ಕ್ರೀನ್ ಬಂದ ಮೊದಲ ವರ್ಷ, 2008–09ರಲ್ಲಿ, ಗೆದ್ದದ್ದು 6, ಸೋತದ್ದು 25. ಬರಿಗೈಯಿಂದ ಕಟ್ಟಿದರು, 2013ರಲ್ಲಿ ಬಿಗ್ ಟೆನ್ ಎಂಬ ತಮ್ಮ ಕೂಟದಲ್ಲಿ ಮೊದಲು ಬಂದರು, 2016ರಲ್ಲಿ ಮತ್ತೊಮ್ಮೆ ಬಂದರು. 2017ರಲ್ಲಿ ಮನೆಗೆ. ಆರ್ಚಿ ಮಿಲ್ಲರ್ ಮೊದಲ ಪಂದ್ಯದಲ್ಲೇ, ಮನೆಯಂಗಳದಲ್ಲೇ, ಇಂಡಿಯಾನಾ ಸ್ಟೇಟ್ ಕೈಯಲ್ಲಿ 90–69ರಿಂದ ಸೋತರು. ಹೌದು, ಲ್ಯಾರಿ ಬರ್ಡ್ ಸೇರಿದ ಅದೇ ಬಡ ವಿಶ್ವವಿದ್ಯಾಲಯ. 2021ರಲ್ಲಿ ಅವರನ್ನು ಕಳಿಸಲು ತೆತ್ತದ್ದು ಒಂದು ಕೋಟಿ ಡಾಲರಿಗೂ ಹೆಚ್ಚು. ಅಂದಿನ ಲೆಕ್ಕದಲ್ಲಿ ನಮ್ಮ 70 ಕೋಟಿ ರೂಪಾಯಿ ದಾಟುತ್ತದೆ. ಕೆಲಸ ಮಾಡಿದ್ದಕ್ಕಲ್ಲ, ಇನ್ನು ಮುಂದೆ ಮಾಡದಿರುವುದಕ್ಕೆ. ಹಣ ಬಂದದ್ದು ದಾನಿಗಳಿಂದ. ಇದನ್ನು ನಾನು ಊರಿಗೆ ಬಂದು ನನ್ನ ತಂಗಿಯ ಮಗನಿಗೆ ಹೇಳಿದೆ. ಅವನು ಸರ್ಕಾರಿ ಪದವಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕ. ಪ್ರತಿ ವರ್ಷ ಅವನನ್ನೂ ಮನೆಗೆ ಕಳಿಸುತ್ತಾರೆ. “ಕಳಿಸಿದ್ದಕ್ಕೆ ದುಡ್ಡು ಕೊಡ್ತಾರಾ ಮಾವ? ನಮಗೆ ಇಟ್ಟುಕೊಂಡಿದ್ದಕ್ಕೇ ಇನ್ನೂ ಕೊಟ್ಟಿಲ್ಲ” ಅಂದ.

ಇಲ್ಲಿ ನಿಂತು ಸ್ವಲ್ಪ ನೋಡಬೇಕು. ಮೈಸೂರು ಸೀಮೆಯಲ್ಲಿ ಇನಾಮು ರದ್ದಾದ ಮೇಲೂ ಇನಾಮುದಾರಿಕೆ ಬಿಡದ ಮನೆಗಳಿದ್ದವು. ಗದ್ದೆ ಹೋಗಿರುತ್ತದೆ, ಗೇಣಿ ನಿಂತಿರುತ್ತದೆ, ಆದರೆ ಯಜಮಾನರು ಬೆಳಿಗ್ಗೆ ಎದ್ದು ಜರಿಪೇಟ ಸುತ್ತಿಕೊಂಡು ಜಗಲಿಯಲ್ಲಿ ಕೂತು ಆಳುಗಳನ್ನು ಬಯ್ಯುತ್ತಿರುತ್ತಾರೆ. ಬಯ್ಯಲಿಕ್ಕೆಂದೇ ಸಾಲ ಮಾಡಿ ಒಬ್ಬ ಆಳನ್ನು ಇಟ್ಟುಕೊಂಡಿರುತ್ತಾರೆ. ಇಂಡಿಯಾನಾದ ಕೋಚ್ ಹುದ್ದೆ ಅದು. ಆಟ ಕಲಿಸುವುದು ಅದರ ಸಣ್ಣ ಭಾಗ. 1987 ಮತ್ತೆ ಬರಲಿಲ್ಲ ಎಂಬ ಸಿಟ್ಟಿಗೆ ಮೈ ಒಡ್ಡುವುದು ಮುಖ್ಯ ಕೆಲಸ. ಅದಕ್ಕೇ ಸಂಬಳ ಅಷ್ಟು, ಬಿಡುಗಡೆಯ ಹಣ ಅದಕ್ಕಿಂತ ದೊಡ್ಡದು. ಕಪ್ ಗೆಲ್ಲುವುದು ಯಾರ ಕೈಯಲ್ಲೂ ಇಲ್ಲ. ಕೋಚನ್ನು ಕೀಳಿಸುವುದು ದಾನಿಯ ಜೇಬಿನಲ್ಲೂ ಗ್ಯಾಲರಿಯ ಗಂಟಲಲ್ಲೂ ಇದೆ. ಗೆಲ್ಲಬಹುದಾದ ಪಂದ್ಯ ಅದೊಂದೇ ಆದ್ದರಿಂದ ಅವರು ಅದನ್ನೇ ಮತ್ತೆ ಮತ್ತೆ ಆಡುತ್ತಾರೆ.

ವುಡ್ಸನ್ ವಿಷಯದಲ್ಲಿ ಇನ್ನೊಂದು ತಮಾಷೆ. ಅವರು ಹೊರಗಿನವರಲ್ಲ, ಮನೆಮಗ. ಹುಟ್ಟಿದ್ದು ಇಂಡಿಯಾನಾಪೊಲಿಸ್‌ನಲ್ಲಿ, 1976ರಿಂದ 80ರವರೆಗೆ ನೈಟ್ ಕೈಕೆಳಗೆ ಇದೇ ಅಂಗಳದಲ್ಲಿ ಆಡಿ 2,000ಕ್ಕೂ ಹೆಚ್ಚು ಪಾಯಿಂಟ್ ಹಾಕಿದವರು. 2021ರಲ್ಲಿ ಅವರನ್ನು ತಂದಾಗ ತಾತ ಕಣ್ಣೀರು ಹಾಕಿದ್ದರಂತೆ. ಮೊದಲ ಎರಡು ವರ್ಷ ತಂಡವನ್ನು ರಾಷ್ಟ್ರೀಯ ಟೂರ್ನಿಗೆ ಮುಟ್ಟಿಸಿದರು ಕೂಡ. 2024ರ ನವೆಂಬರ್‌ನಲ್ಲಿ ಹೊಸ ತಂಡ, ಹೊಸ ಆಸೆ. ಈಗ ಹುಡುಗರಿಗೆ ಹೆಸರು–ಮುಖದ ಮೇಲೆ ಹಣ ಮಾಡಿಕೊಳ್ಳಲು 2021ರಿಂದ ಅನುಮತಿಯಿದೆ, ವರ್ಷಕ್ಕೊಂದು ಕಾಲೇಜು ಬದಲಿಸಲೂ ದಾರಿಯಿದೆ. ಇಂಡಿಯಾನಾದ ಅಂಗಿಯ ಬೆನ್ನ ಮೇಲೆ ಆಟಗಾರನ ಹೆಸರು ಬರೆಸುವುದಿಲ್ಲ. ತಂಡ ದೊಡ್ಡದು, ವ್ಯಕ್ತಿ ಅಲ್ಲ ಎಂಬ ಹಳೆಯ ಆದರ್ಶ. ಒಳ್ಳೆಯದೇ ಆಯಿತು, ದರ್ಜಿಯ ಖರ್ಚು ಉಳಿಯಿತು. ಆ ವರ್ಷದ ಹುಡುಗರ ಹೆಸರು ಅಳಿಯಂದಿರ ಬಾಯಿಗೆ ಕೂರುವ ಹೊತ್ತಿಗೆ ಸೀಸನ್ನೇ ಮುಗಿದಿತ್ತು. ಬಹಾಮಾಸ್ ದ್ವೀಪಕ್ಕೆ ಹೋಗಿ ಲೂಯಿವಿಲ್ ಕೈಯಲ್ಲಿ 89–61ರಿಂದ ತಿಂದು ಬಂದರು. ಬಿಸಿಲು ಕಾಯಿಸಿಕೊಂಡು ಬರಲು ಅಷ್ಟು ದೂರ ಹೋದದ್ದಕ್ಕೆ ನನ್ನ ತಕರಾರಿಲ್ಲ. ಹೊರಗೆ ನಮಗೆ ಮೈನಸ್ ಎಂಟು.

ಫೆಬ್ರವರಿ 7ರಂದು ವುಡ್ಸನ್ ಆ ಸೀಸನ್ ಮುಗಿದ ಮೇಲೆ ಇಳಿಯುತ್ತಾರೆಂದು ಘೋಷಣೆಯಾಯಿತು. ಅಳಿಯಂದಿರು ಆಫೀಸಿನಿಂದ ಬರುವಾಗ ಪೇಡ ತಂದರು. ಮನೆಯಲ್ಲಿ ಮಗ ಹುಟ್ಟಿದಾಗಲೂ ತಂದಿದ್ದರು, ಆದರೆ ಇದು ದೊಡ್ಡ ಡಬ್ಬಿ. ನಾಲ್ಕು ದಿನ ಕಳೆದು ತಂಡ ಮಿಷಿಗನ್ ಸ್ಟೇಟ್ ಅಂಗಳಕ್ಕೇ ಹೋಗಿ 71–67ರಿಂದ ಗೆದ್ದುಬಂತು. ಅಳಿಯಂದಿರಿಗೆ ರಾತ್ರಿ ನಿದ್ದೆ ಬರಲಿಲ್ಲ. ಸೋತಾಗ ಗೊರಕೆ ಹೊಡೆದು ಮಲಗುತ್ತಿದ್ದವರು.

ಫೆಬ್ರವರಿ 23, ಕುರ್ಚಿ ಎಸೆದು ಸರಿಯಾಗಿ 40 ವರ್ಷ. ಅದೇ ಪರ್ಡ್ಯೂ ಜೊತೆ ಪಂದ್ಯ. “ಮಾವ, ಒಂದ್ಸಲ ಹಾಲ್ ನೋಡಬೇಕು ನೀವು” ಎಂದು ಕರೆದುಕೊಂಡು ಹೋದರು. ಕಡಿದಾದ ಗ್ಯಾಲರಿ. ಶ್ರವಣಬೆಳಗೊಳದ ಬೆಟ್ಟಕ್ಕಾದರೂ ಮೇಲೆ ಹೋದರೆ ಗೊಮ್ಮಟನಿದ್ದಾನೆ, ಇಲ್ಲಿ ಮೇಲೆ ಹೋದಷ್ಟೂ ಮನುಷ್ಯರು ಇರುವೆಯಾಗುತ್ತಾರೆ. ಮಂಡಿ ಹಿಡಿದುಕೊಂಡು ಕೂತೆ. ನಡುವೆ ಬಿಡುವಿನಲ್ಲಿ ಬ್ಯಾಂಡಿನವರು ವಿಲಿಯಂ ಟೆಲ್ ಸಂಗೀತ ಶುರುಮಾಡಿದರು, ಹುಡುಗರು ದೊಡ್ಡ ದೊಡ್ಡ ಬಾವುಟ ಹಿಡಿದು ಅಂಗಳದ ಸುತ್ತ ಓಡಿದರು. ನನ್ನ ಮುಂದಿನ ಸಾಲಿನ ಹೆಂಗಸು, ವಯಸ್ಸು ಅರವತ್ತಾದರೂ ಇದ್ದೀತು, ಕೈಯಲ್ಲಿದ್ದ ಪಾಪ್‌ಕಾರ್ನ್ ಪೊಟ್ಟಣವನ್ನು ಅಪರಿಚಿತನಾದ ನನ್ನ ಕೈಗೆ ಕೊಟ್ಟು ಎದ್ದು ನಿಂತು ಚಪ್ಪಾಳೆ ತಟ್ಟಿದಳು. ನಿಜ ಹೇಳುತ್ತೇನೆ, ನನಗೂ ಎದ್ದು ನಿಲ್ಲಬೇಕೆನಿಸಿತು. ಪೊಟ್ಟಣ ಅಡ್ಡಬಂತು.

ಗೆದ್ದರು, 73–58. ವಾಪಸು ಬರುವಾಗ ಕಾರಿನಲ್ಲಿ ಅಳಿಯಂದಿರು ನಗಲಿಲ್ಲ. ಮಾರ್ಟಿನ್ಸ್‌ವಿಲ್ ದಾಟಿದ ಮೇಲೆ ಒಂದೇ ಮಾತು: “ಇದನ್ನ ನವೆಂಬರ್‌ನಲ್ಲೇ ಮಾಡೋಕೆ ಏನು ರೋಗ?” ಸೋತರೆ ಕೋಪ, ಗೆದ್ದರೆ ಇನ್ನೂ ಕೋಪ. ಸೋಲು ಅವರ ಊಹೆಗೆ ತಕ್ಕಂತೆ ನಡೆಯುತ್ತದೆ, ಗೆಲುವು ಲೆಕ್ಕ ತಪ್ಪಿಸುತ್ತದೆ. ಗಂಡ ಕುಡಿಯುವುದು ಬಿಟ್ಟ ದಿನ ಏನು ಬಯ್ಯಬೇಕೆಂದು ತಿಳಿಯದೆ ಪಾತ್ರೆ ಕುಕ್ಕಿದ ನಮ್ಮ ಬೀದಿಯ ಹೆಂಗಸೊಬ್ಬಳು ನೆನಪಾದಳು.

ಮಾರ್ಚ್ 16ರ ಭಾನುವಾರ ರಾಷ್ಟ್ರೀಯ ಟೂರ್ನಿಯ ಪಟ್ಟಿ. 68 ತಂಡ. ತಮ್ಮ ತಮ್ಮ ಕೂಟ ಗೆದ್ದವರು ಹಕ್ಕಿನಿಂದ ಒಳಗೆ ಹೋಗುತ್ತಾರೆ, ಉಳಿದವರನ್ನು ಸಮಿತಿಯೊಂದು ಬಾಗಿಲು ಮುಚ್ಚಿಕೊಂಡು ಆರಿಸುತ್ತದೆ. ನಮ್ಮ ರೈಲಿನ ವೇಟಿಂಗ್ ಲಿಸ್ಟ್ ಇದ್ದಂತೆ. ಇಂಡಿಯಾನಾ 19 ಗೆದ್ದು 13 ಸೋತು, ಬಾಗಿಲ ಹೊರಗೆ ಉಳಿದ ಮೊದಲ ನಾಲ್ಕರಲ್ಲಿ ಒಂದಾಯಿತು. ಚಾರ್ಟ್ ಆದ ಮೇಲೆ ಕೈಯಲ್ಲಿ ಉಳಿದ ಟಿಕೆಟ್ಟು. ಅದರ ಜೊತೆ ಪ್ಲಾಟ್‌ಫಾರ್ಮಿನಲ್ಲೇ ಉಳಿದ ಇನ್ನೊಂದು ತಂಡ ವೆಸ್ಟ್ ವರ್ಜೀನಿಯಾ. ಎರಡೇ ದಿನದಲ್ಲಿ ಇಂಡಿಯಾನಾ ತನ್ನ ಹೊಸ ಕೋಚನ್ನು ಆರಿಸಿತು. ಡೇರಿಯನ್ ಡಿವ್ರೀಸ್. ಅಲ್ಲಿಯವರೆಗೆ ಅವರು ಯಾವ ತಂಡದ ಕೋಚ್ ಎಂದು ಕೇಳಬೇಡಿ. ಕೇಳಿದರೆ, ವೆಸ್ಟ್ ವರ್ಜೀನಿಯಾ. ರೈಲು ತಪ್ಪಿಸಿಕೊಂಡವನು ಪಕ್ಕದಲ್ಲಿ ರೈಲು ತಪ್ಪಿಸಿಕೊಂಡು ನಿಂತವನನ್ನೇ ದಾರಿ ಕೇಳಿದ.

ಒಂದು ಅಡ್ಡಮಾತು. ಬ್ಲೂಮಿಂಗ್ಟನ್ ಅಂದರೆ ನನ್ನ ಕಾಲದ ಕನ್ನಡ ಓದುಗರಿಗೆ ಎ.ಕೆ. ರಾಮಾನುಜನ್ ಭಾಷಾಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಿದ ಊರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಮೊದಲ ಸಲ ಒಬ್ಬ ಹೆಂಗಸಿಗೆ ಬಂತು. ಎಲಿನೋರ್ ಓಸ್ಟ್ರಂ. ಅವರು ಅಲ್ಲೇ ಪಾಠ ಹೇಳುತ್ತಿದ್ದರು. ಊರೊಟ್ಟಿನ ಕೆರೆ, ಗೋಮಾಳ, ಕಾಡುಗಳನ್ನು ಜನ ತಾವೇ ಹೇಗೆ ಕಾಪಾಡಿಕೊಳ್ಳುತ್ತಾರೆ ಎಂಬುದು ಅವರ ಅಧ್ಯಯನ. ನೊಬೆಲ್ ಬಂದದ್ದು ತಂಡ 6 ಗೆದ್ದು 25 ಸೋತ ಅದೇ ವರ್ಷ. ಅಸೆಂಬ್ಲಿ ಹಾಲಿನಲ್ಲಿ ಅವರ ಹೆಸರಿನ ಬಾವುಟ ಎಲ್ಲಾದರೂ ಇದೆಯೇ ಎಂದು ಕತ್ತೆತ್ತಿ ಹುಡುಕಿದೆ. ಅಳಿಯಂದಿರನ್ನು ಕೇಳಿದೆ. “ಯಾವ ಪೊಸಿಷನ್ ಆಡ್ತಿದ್ರು ಮಾವ?” ಅಂದರು.

ಏಪ್ರಿಲ್‌ನಲ್ಲಿ ನಾವು ಊರಿಗೆ ಬಂದೆವು. ಜೂನ್ 3ರಂದು ಆರ್‌ಸಿಬಿ 18ನೇ ಸೀಸನ್‌ನಲ್ಲಿ ಕೊನೆಗೂ ಕಪ್ ಗೆದ್ದಿತು. ಅಳಿಯಂದಿರ ಇನ್ನೊಂದು ಹಳೆಯ ಗಾಯ ಅದು. ಫೋನಿನಲ್ಲಿ ಅತ್ತರು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲಲ್ಲಿ ಕಾಲ್ತುಳಿತಕ್ಕೆ 11 ಜೀವ ಹೋದವು. ಅಭಿಮಾನವನ್ನು ಗೇಲಿ ಮಾಡುವ ನನ್ನ ಬಾಯಿ ಆ ಬಾಗಿಲ ಮುಂದೆ ಬಂದರೆ ಮುಚ್ಚಿಕೊಳ್ಳುತ್ತದೆ.

ಆಮೇಲೆ 2026ರ ಜನವರಿಯಲ್ಲಿ ಒಂದು ಬೆಳಿಗ್ಗೆ ಪತ್ರಿಕೆಯ ಮೂಲೆಯಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯ ರಾಷ್ಟ್ರೀಯ ಚಾಂಪಿಯನ್ ಎಂಬ ಸುದ್ದಿ ಕಂಡು ಕಾಫಿ ಲೋಟ ಕೆಳಗಿಟ್ಟು ಫೋನ್ ಮಾಡಿದೆ. ಗೆದ್ದದ್ದು ಬಾಸ್ಕೆಟ್‌ಬಾಲ್ ತಂಡವಲ್ಲ, ಅಮೆರಿಕನ್ ಫುಟ್‌ಬಾಲ್ ತಂಡ. ಆ ಆಟದಲ್ಲಿ ಇಂಡಿಯಾನಾ ತಲೆಮಾರುಗಳಿಂದ ಎಲ್ಲರ ಕೈಯಲ್ಲೂ ಏಟು ತಿನ್ನುತ್ತಿದ್ದ ತಂಡ. ಅಭಿಮಾನಿಗಳು ಪಂದ್ಯಕ್ಕೆ ಹೋಗುತ್ತಿದ್ದದ್ದು ಹೊರಗೆ ಕಾರಿನ ಡಿಕ್ಕಿ ತೆಗೆದು ತಿಂದು ಕುಡಿಯಲು. ಅದರ ಮೇಲೆ ಯಾರಿಗೂ ಯಾವ ನಿರೀಕ್ಷೆಯೂ ಇರಲಿಲ್ಲ, ಗೋಡೆಯ ಮೇಲೆ ತೂಗುವ ಬಾವುಟವೂ ಇರಲಿಲ್ಲ. ಅದು 2025ರ ಸೀಸನ್‌ನಲ್ಲಿ ಒಂದೂ ಸೋಲದೆ 16ಕ್ಕೆ 16 ಗೆದ್ದುಬಿಟ್ಟಿತು.

“ಅಭಿನಂದನೆ ಅಳಿಯಂದ್ರೇ” ಅಂದೆ.

“ಥ್ಯಾಂಕ್ಸ್ ಮಾವ” ಅಂದರು. ಆಮೇಲೆ ನಿಟ್ಟುಸಿರು ಕೇಳಿಸಿತು. “ಆದ್ರೆ ಬಾಸ್ಕೆಟ್‌ಬಾಲ್ ನೋಡಿ, ಈ ಹೊಸ ಕೋಚು...”

ಹಿಂದಿನಿಂದ ಮೊಮ್ಮಗನ ಅಳು. ಅವನಿಗೆ ಈಗ ಪಟ್ಟೆ ಪೈಜಾಮ ಬಂದಿದೆಯಂತೆ, ಪಕ್ಕದ ಮನೆಯ ತಾತ ಕೊಟ್ಟದ್ದು. ಬೆಳೆಯುವ ಮಗು ಎಂದು ಒಂದು ಅಳತೆ ದೊಡ್ಡದೇ ತಂದಿದ್ದಾರೆ.

ಆದ್ದರಿಂದ ಇಂಡಿಯಾನಾ ಕಡೆಗೆ ಬಾಣಂತನಕ್ಕೆ ಹೊರಡುವ ನನ್ನ ವಯಸ್ಸಿನವರಲ್ಲಿ ಒಂದು ವಿನಂತಿ. ಟಿಕೆಟ್ಟನ್ನು ಏಪ್ರಿಲ್ ಮೇಲೆ ತೆಗೆಸಿ. ನವೆಂಬರ್‌ನಿಂದ ಮಾರ್ಚ್‌ವರೆಗೆ ಅಲ್ಲಿ ಹಿಮವೂ ಬೀಳುತ್ತದೆ, ತಂಡವೂ ಬೀಳುತ್ತದೆ. ಕೂಸು ಆ ತಿಂಗಳುಗಳಲ್ಲೇ ಹುಟ್ಟುವುದಾದರೆ ಮಾಡುವಂತಿಲ್ಲ, ಹೋಗಿ. ಎಳ್ಳುಬೆಲ್ಲದಲ್ಲಿ ಮಾತ್ರ ಎಳ್ಳು ಕಮ್ಮಿ ಮಾಡಿ, ಬೆಲ್ಲ ಕೈ ತುಂಬ ಹಾಕಿಕೊಂಡು ಹೋಗಿ.